ಕ್ವಿಲ್ಟಿಂಗ್ ಮೆಷಿನ್ನು, ಫ್ರೇಮು ತಗೋಬೇಕು (ಮೈಸೂರು): ಥ್ರೋಟ್ ಸ್ಪೇಸ್ ಎಷ್ಟು ಇಂಚು ಇರಬೇಕು?

ಸರಸ್ವತಿಪುರಂ ಸೂಜಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕ್ವಿಲ್ಟ್ ಹೊಲಿದು ಕೊಡ್ತೀನಿ. ಮೊದಲು ಎಳೆ ಮಕ್ಕಳ ಸೈಜಿಗೆ ಮಾತ್ರ ಕೇಳ್ತಿದ್ರು, ಈಗ ಡಬಲ್ ಕಾಟ್‌ಗೇ ಜಾಸ್ತಿ, 90×100 ಇಂಚು. ತುಂಡು ಜೋಡಿಸಿ ಮೇಲ್ಭಾಗ ಮಾಡೋದು ನನಗೆ ಕಷ್ಟ ಅಲ್ಲ. ಮೇಲಿನ ಬಟ್ಟೆ, ನಡುವೆ ಬ್ಯಾಟಿಂಗ್ (ಹತ್ತಿ ಇಲ್ಲಾ ಪಾಲಿಯೆಸ್ಟರ್ ಹಾಸು), ಕೆಳಗೆ ಅಸ್ತರು, ಮೂರೂ ಸೇರಿಸಿ ಹೊಲಿಗೆ ಹಾಕೋ ಹೊತ್ತಿಗೆ ಸಾಕಾಗಿ ಹೋಗುತ್ತೆ. ಈಗಿರೋದು ಉಷಾ ಜಾನೋಮ್ ಮನೆ ಮೆಷಿನ್ನು. ಥ್ರೋಟ್ ಸ್ಪೇಸ್, ಅಂದರೆ ಸೂಜಿಯಿಂದ ಬಲಗಡೆ ಕಂಬದವರೆಗಿನ ಜಾಗ, ಟೇಪ್ ಹಿಡಿದರೆ ಆರೂವರೆ ಇಂಚು. ಕ್ವಿಲ್ಟಿನ ನಡುಭಾಗಕ್ಕೆ ಬಂದಾಗ ಸುತ್ತಿದ ಕ್ವಿಲ್ಟಿನ ಸುರುಳಿ ಅಲ್ಲಿ ಸಿಕ್ಕಿಕೊಳ್ಳುತ್ತೆ, ಹೊಲಿಗೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಬೀಳುತ್ತೆ, ರಾತ್ರಿ ಭುಜ ಎತ್ತೋಕಾಗಲ್ಲ.

ಮೂರು ದಾರಿ ಕಾಣ್ತಿವೆ. ಎಂಟೂವರೆ ಇಂಚಿನ ಜುಕಿ ಟಿಎಲ್ ಮೆಷಿನ್ನಿನ ಥರದ್ದು ತಗೊಂಡು ಅದನ್ನೇ ಒಂದು ಸಣ್ಣ ಫ್ರೇಮಿಗೆ (ಕ್ವಿಲ್ಟನ್ನ ಪೈಪುಗಳಿಗೆ ಸುತ್ತಿ ಹಿಡಿದು, ಮೆಷಿನ್ನನ್ನೇ ಚಕ್ರದ ಮೇಲೆ ಓಡಿಸೋ ಚೌಕಟ್ಟು) ಕೂರಿಸೋದು. ಗಾರ್ಮೆಂಟ್ಸ್‌ನಿಂದ ಬರೋ ಸೆಕೆಂಡ್ ಹ್ಯಾಂಡ್ ಪವರ್ ಮೆಷಿನ್ನು ತಗೊಂಡು ಫ್ರೇಮಿಗೆ ಹಾಕೋದು. ಇಲ್ಲಾ ಸಾಲ ಮಾಡಿಯಾದ್ರೂ 15, 16 ಇಂಚಿನ ಕ್ವಿಲ್ಟಿಂಗ್ ಮೆಷಿನ್ನನ್ನೇ ತರಿಸೋದು. ಹಾಲ್ 12×15 ಅಡಿ. ಬಳಸಿದವರು ಹೇಳಿ, ಎಷ್ಟು ಇಂಚಿಗೆ ಕಮ್ಮಿ ಇರಬಾರದು?

ಬೋಗಾದಿ ಬಾಬಿನ್

ನಿಮ್ಮ ಬ್ಯಾಟಿಂಗ್ ಎಷ್ಟು ದಪ್ಪ? ಅದು ಗೊತ್ತಾಗದೆ ಇಂಚು ಹೇಳಿದ್ರೆ ಸುಮ್ಮನೆ ಹೇಳಿದ ಹಾಗೆ.

ಕುವೆಂಪುನಗರ ಕೌದಿಮನೆ

ಬೋಗಾದಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ತಂಗಿ, ಮೆಷಿನ್ನಿನ ಹೆಸರು ಸ್ವಲ್ಪ ಹೊತ್ತು ಪಕ್ಕಕ್ಕಿಡು.

ಮೇಜಿನ ಮುಂದೆ ಕೂತು ಹೊಲಿಯುವಾಗ ಕ್ವಿಲ್ಟಿನ ಅರ್ಧ ಮಾತ್ರ ಮೆಷಿನ್ನಿನ ಒಳಗೆ ಬರುತ್ತೆ. ನಡುವಿನಿಂದ ಶುರು ಮಾಡಿ ಒಂದು ಅಂಚಿನ ತನಕ ಹೋಗ್ತೀಯ, ಆಮೇಲೆ ತಿರುಗಿಸಿಕೊಂಡು ಇನ್ನೊಂದು ಅರ್ಧ ಮುಗಿಸ್ತೀಯ. ಫ್ರೇಮಿನಲ್ಲಿ ಹಾಗೆ ತಿರುಗಿಸೋಕೆ ಬರಲ್ಲ. ಹೊಲಿದು ಮುಗಿದಷ್ಟೂ ಹಿಂದಿನ ಪೈಪಿಗೆ ಸುತ್ತಿಕೊಳ್ತಾ ಹೋಗುತ್ತೆ, ಆ ಪೈಪು ಹಾದುಹೋಗೋದೇ ಮೆಷಿನ್ನಿನ ಕೈ (ಸೂಜಿ ಕಡೆಯಿಂದ ಕಂಬಕ್ಕೆ ಹೋಗೋ ಮೇಲಿನ ಭಾಗ) ಕೆಳಗೆ. ಕೊನೆ ಸಾಲಿನ ಹೊತ್ತಿಗೆ ಹೆಚ್ಚುಕಮ್ಮಿ ಇಡೀ ಕ್ವಿಲ್ಟು ಆ ಥ್ರೋಟಿನೊಳಗೇ ಇರುತ್ತೆ. ಮೇಜಿನ ಮೇಲೆ ಆರಾಮಾಗಿ ನಡೆಯೋ ಮೆಷಿನ್ನು ಫ್ರೇಮಿಗೆ ಹೋದ ಕೂಡಲೆ ಸಾಲದೆ ಬರೋದು ಇದಕ್ಕೇ. ಅಂಗಡಿಯಲ್ಲಿ ಈ ಮಾತನ್ನ ಯಾರೂ ಎತ್ತಲ್ಲ.

ಲೆಕ್ಕ ಹಾಕೋದು ಹೀಗೆ. ಒಂದು ಮುಗಿದ ಕ್ವಿಲ್ಟನ್ನ ಎಂಟು ಪದರ ಮಡಚು. ಮೇಲೆ ಒಂದು ಮಣೆ ಇಟ್ಟು, ಕೈಯಲ್ಲಿ ಹದವಾಗಿ ಒತ್ತಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ನೋಡು. ಒಂದು ಇಂಚು ಬಂದರೆ ಒಂದು ಪದರ 1/8 ಇಂಚು, ಅಂದರೆ ಸುಮಾರು 3 ಮಿಲಿಮೀಟರ್. ಎರಡು ಇಂಚು ಬಂದರೆ 1/4 ಇಂಚು. ಹತ್ತಿ ಬ್ಯಾಟಿಂಗ್ ಸಾಮಾನ್ಯವಾಗಿ ಮೊದಲನೇ ಲೆಕ್ಕದ ಹತ್ತಿರ ಬರುತ್ತೆ. ಉಬ್ಬಿರೋ ಪಾಲಿಯೆಸ್ಟರ್ ಎರಡನೇದು.

ಈಗ 100 ಇಂಚು ಉದ್ದ, 1/8 ಇಂಚು ದಪ್ಪದ್ದನ್ನ ಎರಡು ಇಂಚಿನ ಪೈಪಿಗೆ ಬಿಗಿಯಾಗಿ ಸುತ್ತಿದರೆ ಸುರುಳಿಯ ಅಡ್ಡಳತೆ ನಾಲ್ಕೂವರೆ ಇಂಚಿಗೆ ಬರುತ್ತೆ. 1/4 ಇಂಚಿನದಾದರೆ ಆರು ಇಂಚು. ಇದರ ಜೊತೆಗೆ ಫುಟ್ಟಿನ (ಬಟ್ಟೆ ಒತ್ತಿ ಹಿಡಿಯೋ ಪಾದ) ಹಿಂದೆ, ಕಂಬದ ಮುಂದೆ ತಗಲದ ಹಾಗೆ ಒಂದೂವರೆ ಇಂಚಾದರೂ ಬಿಡಬೇಕು. ಒಂಬತ್ತು ಇಂಚಿನ ಮೆಷಿನ್ನಿನಲ್ಲಿ ಕೊನೆಗೆ ನಿನ್ನ ಕೈಗೆ ಉಳಿಯೋದು ಮೂರು ಇಂಚು. ಅದೂ ತೆಳು ಬ್ಯಾಟಿಂಗ್ ಆದರೆ. ದಪ್ಪದ್ದಾದರೆ ಒಂದೂವರೆ. ಆ ಜಾಗದಲ್ಲಿ ಬಳ್ಳಿ ವಿನ್ಯಾಸ ಒಂದು ತಿರುಗಿಸೋಕೆ ಆಗಲ್ಲ. ಹದಿನಾರು ಇಂಚಿನದ್ದಾದರೆ ತೆಳುವಿಗೆ ಹತ್ತು, ದಪ್ಪಕ್ಕೆ ಎಂಟೂವರೆ ಉಳಿಯುತ್ತೆ.

ಒಂದು ಸಾಲಿಗೆ ಮೂರು ಇಂಚಿನ ಹಾಗೆ ಹೋದರೆ ಎಷ್ಟು ಸಲ ಕ್ಲಾಂಪ್ ಬಿಚ್ಚಬೇಕು, ಸುತ್ತಬೇಕು, ಮತ್ತೆ ಬಿಗಿ ಮಾಡಬೇಕು ಅನ್ನೋದನ್ನ ಯೋಚಿಸು. ಒಂದೊಂದು ಸಲ ಸುತ್ತಿದಾಗಲೂ ಅಸ್ತರು ಸ್ವಲ್ಪ ಓರೆ ಆಗೋ ಅವಕಾಶ ಇರುತ್ತೆ. ನಿನ್ನ ಮೊದಲನೇ ದಾರಿ, ಎಂಟೂವರೆ ಇಂಚು ಮತ್ತು ಫ್ರೇಮು, ಡಬಲ್ ಕಾಟ್‌ಗೆ ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳ್ತೀನಿ.

ಮದ್ದೂರು ಮೆಕ್ಯಾನಿಕ್

ಅಕ್ಕ, ಎರಡ್ನೇ ದಾರಿ ಬಗ್ಗೆ ನಾನ್ ಒಸಿ ಹೇಳ್ತೀನಿ. ಗಾರ್ಮೆಂಟ್ಸ್ ಲೈನ್‌ನಾಗೆ ಮೆಷಿನ್ ರಿಪೇರಿ ಮಾಡೋನು ನಾನು.

ಪವರ್ ಮೆಷಿನ್ನಿನ ತಲೆ ಕೆಳಗೆ ಆಯಿಲ್ ಪ್ಯಾನ್ ಅದೆ. ಒಳಗಿನ ಪಂಪು ಅಲ್ಲಿಂದ ಎಣ್ಣೆ ಎತ್ತಿ ಶಾಫ್ಟಿಗೆಲ್ಲ ಕೊಡ್ತದೆ. ತಲೆ ಒಂದು ಕಡೆ ಅಲ್ಲಾಡ್ದೆ ಕೂತಿದ್ರೇ ಅದು ಸರಿ. ಅದನ್ನ ಚಕ್ರದ ಮೇಲೆ ಕೂರ್ಸಿ ಹಿಂದಕ್ಕೂ ಮುಂದಕ್ಕೂ ಓಡಾಡ್ಸಿದ್ರೆ ಎಣ್ಣೆ ಎಲ್ಲಿಗೆ ಹೋಯ್ತದೆ ಹೇಳಿ. ಗಿರಾಕಿ ಕ್ವಿಲ್ಟಿನ ಮೇಲೆ. ಇನ್ನ ಮೋಟ್ರು ಮೇಜಿನ ಕೆಳಗೆ, ಬೆಲ್ಟು ಮೇಲಕ್ಕೆ. ತಲೆ ಹಂಗೇ ಎತ್ತಿ ಫ್ರೇಮಿಗೆ ಹಾಕೋದು ಆಗೋ ಮಾತಲ್ಲ. ಯಾರಾದ್ರೂ ಮಾಡ್ಕೊಡ್ತೀನಿ ಅಂದ್ರೂ ಬ್ಯಾಡ ಅನ್ನಿ.

ಆದ್ರೆ ಮೇಜಿನ ಮೇಲೆ ಬಳಸೋದಾದ್ರೆ ಒಳ್ಳೆ ಮೆಷಿನ್ನು. ಕೈಯೊಳಗಿನ ಜಾಗ ಮನೆ ಮೆಷಿನ್‌ಗಿಂತ ಎಷ್ಟೋ ದೊಡ್ಡದು. ಎರಡು ವಿಷ್ಯ ನೋಡ್ಕಳಿ. ಹಳೇ ಕ್ಲಚ್ ಮೋಟ್ರು ಇದ್ರೆ ತೆಗೆಸಿ ಸರ್ವೋ ಮೋಟ್ರು ಹಾಕಿಸಿ. ಸದ್ದಿರಲ್ಲ, ಕರೆಂಟೂ ಕಮ್ಮಿ, ಕಾಲು ಎಷ್ಟು ಒತ್ತಿದ್ರೆ ಅಷ್ಟೇ ಓಡ್ತದೆ. ಕ್ಲಚ್ ಮೋಟ್ರಲ್ಲಿ ಕ್ವಿಲ್ಟು ಹೊಲಿಯಕ್ಕೆ ಹೋದ್ರೆ ಒಂದೇ ಸಲಕ್ಕೆ ಸರ್ ಅಂತ ಓಡ್ಬುಡ್ತದೆ. ಇನ್ನೊಂದು, ಮನೆ ಮೆಷಿನ್ನಲ್ಲಿ ಬಟ್ಟೆ ತಳ್ಳೋ ಕೆಳಗಿನ ಹಲ್ಲು ಲಿವರ್ ತಿರುಗಿಸಿದ್ರೆ ಇಳೀತದೆ. ಇದ್ರಲ್ಲಿ ಇಳಿಯಲ್ಲ. ಪ್ಲೇಟ್ ಬಿಚ್ಚಿ, ಹಲ್ಲನ್ನೇ ಕಳಚಿಟ್ಟು, ಸ್ಪ್ರಿಂಗ್ ಇರೋ ಫುಟ್ಟು ಹಾಕ್ಕಂಡ್ರೆ ಕೈಯಲ್ಲಿ ಬೇಕಾದಂಗೆ ತಿರುಗಿಸ್ಬೋದು. ಸೂಜಿನೂ ಬ್ಯಾರೆ. ಮನೆ ಮೆಷಿನ್ ಸೂಜಿ ಒಂದು ಕಡೆ ಚಪ್ಪಟೆ ಇರ್ತದೆ, ಇದಕ್ಕೆ ಬರೋ ಡಿಬಿ ಸೂಜಿ ಗುಂಡಗಿರ್ತದೆ. ಮನೇಲಿರೋ ಸೂಜಿ ಡಬ್ಬೀನೇ ಇದ್ಕೂ ಆಯ್ತದೆ ಅನ್ಕಬ್ಯಾಡಿ.

ಸರಸ್ವತಿಪುರಂ ಸೂಜಿ

ತುಂಬ ಥ್ಯಾಂಕ್ಸ್ ಅಣ್ಣ, ಎಣ್ಣೆ ವಿಷಯ ನನಗೆ ಗೊತ್ತೇ ಇರಲಿಲ್ಲ. ಎರಡನೇ ದಾರಿ ಅಲ್ಲಿಗೆ ಮುಗೀತು.

ಅಕ್ಕ, ನೀವು ಹೇಳಿದ ಹಾಗೆ ಎಂಟು ಮಡಿಕೆ ಮಾಡಿ ಅಳೆದೆ. ಹತ್ತಿದು ಒಂದು ಇಂಚಿಗೆ ಕೂದಲೆಳೆ ಹೆಚ್ಚು. ಚಳಿಗಾಲದಲ್ಲಿ ಕೇಳೋ ಪಾಲಿಯೆಸ್ಟರ್‌ದು ಎರಡಕ್ಕೇ ಬಂತು. ಆರ್ಡರಲ್ಲಿ ಎರಡೂ ಇರುತ್ತೆ. ನನ್ನ ಅನುಮಾನ ಇದು: ಮೇಜಿನ ಮೇಲೇ ಕೂತು ಹೊಲಿಯೋದಾದ್ರೆ ಎಷ್ಟು ಇಂಚಿಗೆ ಸುಲಭ ಅನ್ಸುತ್ತೆ? ಫ್ರೇಮು ಬೇಕೇ ಬೇಕಾ?

ಮಂಡ್ಯ ಗುತ್ತಲು ರಸ್ತೆ

ಬೇಕಾಗಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಳೇ ಸೀರೆ ಕೌದಿಗಳನ್ನೇ ಮಾಡೋದು ನಾನು. ನಾಲ್ಕೈದು ಪದರ ಹತ್ತಿ ಸೀರೆ. ಬ್ಯಾಟಿಂಗ್ ಇಲ್ಲದ್ದಕ್ಕೆ ದಪ್ಪ ಕಮ್ಮಿ, ಆದರೆ ತೂಕ ಜಾಸ್ತಿ. ಭುಜ ನೋಯೋದು ಸುರುಳಿಯಿಂದ ಅಲ್ಲ ತಂಗಿ, ತೂಕದಿಂದ. ಕ್ವಿಲ್ಟು ಮೇಜಿನ ಅಂಚಿನಿಂದ ಕೆಳಗೆ ಜೋತಾಡ್ತಾ ಇದ್ದರೆ ಪ್ರತಿ ಹೊಲಿಗೆಗೂ ಆ ತೂಕವನ್ನ ನಿನ್ನ ಕೈ ಎಳೀಬೇಕು. ಸೂಜಿ ಬಾಗಿ ಮುರಿಯೋದು, ಹೊಲಿಗೆ ಉದ್ದಗಿಡ್ಡ ಬರೋದು ಎಲ್ಲ ಅದರಿಂದಲೇ.

ಮೊದಲು ಮೇಜು ಸರಿ ಮಾಡ್ಕೊ. ಮೆಷಿನ್ನನ್ನ ಮೇಜಿನೊಳಗೆ ಇಳಿಸಿ, ಮೆಷಿನ್ನಿನ ತಟ್ಟೆ, ಹಲಗೆ ಎರಡೂ ಒಂದೇ ಸಮ ಇರೋ ಹಾಗೆ ಬಡಗಿ ಹತ್ರ ಕತ್ತರಿಸಿಸು. ಎಡಗಡೆ ಮೂರಡಿ, ಹಿಂದೆ ಎರಡಡಿಯಾದರೂ ಹಲಗೆ ಇರಲಿ. ಹಿಂದೆ ಗೋಡೆಗೆ ಒತ್ತಿಟ್ಟರೆ ಬಟ್ಟೆ ಗೋಡೆ ದಾಟಿ ಬೀಳಲ್ಲ. ಮೇಲೆ ಸನ್‌ಮೈಕಾ ಹಾಕಿಸಿದರೆ ಜಾರೋದೂ ಸಲೀಸು. ಇಷ್ಟು ಮಾಡಿದ್ಮೇಲೆ ಆರೂವರೆ ಇಂಚಿನ ಮೆಷಿನ್ನಿನಲ್ಲೇ ಅರ್ಧ ಕಷ್ಟ ಹೋಗುತ್ತೆ.

ಇನ್ನೊಂದು, ಇಡೀ ಕ್ವಿಲ್ಟನ್ನ ಒಂದೇ ಸಲ ಹೊಲಿಯಲೇಬೇಕು ಅಂತ ಯಾರು ಹೇಳಿದ್ದು? ಮೂರು ಪಟ್ಟಿ ಮಾಡು, ಮೂವತ್ತು ಮೂವತ್ತು ಇಂಚಿಂದು. ಒಂದೊಂದಕ್ಕೂ ಬ್ಯಾಟಿಂಗ್, ಅಸ್ತರು ಸೇರಿಸಿ ಬೇರೆ ಬೇರೆ ಹೊಲಿದು ಮುಗಿಸು. ಆಮೇಲೆ ಮೇಲ್ಭಾಗ ಮೆಷಿನ್ನಿನಲ್ಲಿ ಜೋಡಿಸಿ, ಅಸ್ತರಿನ ಅಂಚು ಮಡಚಿ ಕೈ ಹೊಲಿಗೆ ಹಾಕು. ಮೂವತ್ತು ಇಂಚಿನ ಪಟ್ಟಿಯಲ್ಲಿ ಥ್ರೋಟಿನೊಳಗೆ ಹೋಗೋದು ಹದಿನೈದು ಇಂಚು ಬಟ್ಟೆ. ಯಾವ ಮೆಷಿನ್ನಿಗೂ ಅದು ಭಾರ ಅಲ್ಲ.

ಕುವೆಂಪುನಗರ ಕೌದಿಮನೆ

ಮಂಡ್ಯದವರು ಮೇಜಿನ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಪಟ್ಟಿ ಪಟ್ಟಿ ಹೊಲಿಯೋದು ಮನೆ ಬಳಕೆಗೆ ಚೆನ್ನ. ಆರ್ಡರಿಗೆ ನಾನು ಒಪ್ಪಲ್ಲ. ಹಿಂದಿನ ಕೈ ಹೊಲಿಗೆಗೇ ಒಂದೊಂದು ಕ್ವಿಲ್ಟಿಗೆ ಒಂದು ಸಂಜೆ ಹೋಗುತ್ತೆ, ಆ ಸಂಜೆಯ ದುಡ್ಡು ಗಿರಾಕಿ ಕೊಡಲ್ಲ. ಒಂದೇ ದೊಡ್ಡ ವಿನ್ಯಾಸ ನಡುವಿನಿಂದ ಹರಡೋ ಹಾಗಿದ್ದರೆ ಪಟ್ಟಿ ಮಾಡೋಕೂ ಬರಲ್ಲ.

ತಂಗಿ ಕೇಳಿದ್ದಕ್ಕೆ ಉತ್ತರ. ಕೂತು ಹೊಲಿಯುವಾಗ ಒಳಗೆ ಬರೋದು ಅರ್ಧ, 45 ಇಂಚು. ಕೈಯಲ್ಲಿ ಸುತ್ತಿದ ಸುರುಳಿ ಪೈಪಿನಷ್ಟು ಬಿಗಿ ಬರಲ್ಲ, ತೆಳುವಿಗೆ ಮೂರೂವರೆ, ದಪ್ಪಕ್ಕೆ ಐದು ಇಂಚು ಅಂತಿಟ್ಕೊ. ಆರೂವರೆ ಇಂಚಿನಲ್ಲಿ ದಪ್ಪದ್ದಕ್ಕೆ ಉಳಿಯೋದು ಒಂದೂವರೆ ಇಂಚು, ನೀನು ಒದ್ದಾಡ್ತಿರೋದು ಅಲ್ಲೇ. ಎಂಟೂವರೆಗೆ ಹೋದರೆ ಮೂರೂವರೆ. ಎರಡೇ ಇಂಚು ಜಾಸ್ತಿಯಾದ್ರೂ ಕೈಗೆ ಸಿಗೋ ಜಾಗ ಎರಡು ಪಟ್ಟಿಗಿಂತ ಹೆಚ್ಚಾಯ್ತು. ಹನ್ನೊಂದು ಇಂಚಿನದ್ದಾದರೆ ಆರು. ಕೂತು ಹೊಲಿಯೋರಿಗೆ ಹನ್ನೊಂದಕ್ಕೆ ಹೋದ ಮೇಲೆ ದೂರು ಇರಲ್ಲ. ಹ್ಯಾಂಡಿ ಕ್ವಿಲ್ಟರ್‌ನವರ ಸ್ವೀಟ್ ಸಿಕ್ಸ್‌ಟೀನ್ ಥರದ್ದು ಕೂತು ಹೊಲಿಯೋಕೇ ಹದಿನಾರು ಇಂಚು ಕೊಡುತ್ತೆ. ಅದು ಸುಖ, ಆದರೆ ನಿನ್ನ ಅಳತೆಗೆ ಅಷ್ಟು ಬೇಕಿಲ್ಲ.

ಅಗಲದ ಜೊತೆಗೆ ಎತ್ತರ ನೋಡೋದು ಮರೀಬೇಡ. ಕೈಯ ತಳದಿಂದ ತಟ್ಟೆಯವರೆಗೆ ಅಳೆ. ಸುರುಳಿ ಐದು ಇಂಚು ದಪ್ಪ ಇದ್ದು, ಕೈ ಕೆಳಗೆ ಐದೇ ಇಂಚಿದ್ದರೆ ಅಗಲ ಎಷ್ಟಿದ್ದೂ ಸುರುಳಿ ಉಜ್ಜುತ್ತೆ.

ಹೆಬ್ಬಾಳ್ ಫ್ಯಾಬ್ರಿಕೇಟರ್

ನಮಸ್ಕಾರ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪು, ಆಂಗಲ್ ಕೆಲಸ ಮಾಡೋನು ನಾನು. ನಮ್ಮನೆಯವರಿಗೋಸ್ಕರ ಕ್ವಿಲ್ಟ್ ಫ್ರೇಮ್ ಮಾಡಿಕೊಟ್ಟಿದ್ದೀನಿ, ಅದರಲ್ಲೇ ಕೆಲಸ ನಡೀತಿದೆ. ಫ್ರೇಮಿನ ಕಡೆಯಿಂದ ಒಂದೆರಡು ಮಾತು.

ಪೈಪು ಉದ್ದ ಆದಷ್ಟೂ ನಡುವೆ ಬಗ್ಗುತ್ತೆ. ಉದ್ದ ಎರಡು ಪಟ್ಟಾದರೆ ತನ್ನ ತೂಕಕ್ಕೆ ತಾನೇ ಬಗ್ಗೋದು ಹದಿನಾರು ಪಟ್ಟು. ಐದಡಿ ಫ್ರೇಮಿಗೆ ಸರಿಹೋಗೋ ಪೈಪು ಹತ್ತಡಿಗೆ ಹಾಕಿದರೆ ನಡುವೆ ಕ್ವಿಲ್ಟು ಸಡಿಲ, ಅಂಚಲ್ಲಿ ಬಿಗಿ. ಪರೀಕ್ಷೆ ಮಾಡೋದು ಸುಲಭ: ಪೈಪಿನ ಎರಡು ತುದಿಗೆ ನೂಲು ಬಿಗಿಯಾಗಿ ಎಳೆದು ಕಟ್ಟಿ, ನಡುವೆ ನೂಲಿಗೂ ಪೈಪಿಗೂ ಎಷ್ಟು ಸಂದು ಬಿದ್ದಿದೆ ನೋಡಿ. ಎರಡು ಇಂಚಿನ ಬದಲು ಮೂರು ಇಂಚಿನ ಪೈಪು ಹಾಕಿದರೆ, ಗೋಡೆ ದಪ್ಪ ಅಷ್ಟೇ ಇದ್ದರೂ, ಬಗ್ಗೋದು ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಥ್ರೋಟ್ ತಿನ್ನುತ್ತಲ್ಲ ಅಂತೀರಿ. ಕುವೆಂಪುನಗರದ ಅಕ್ಕ ಹೇಳಿದ ಲೆಕ್ಕದಲ್ಲೇ ಹಾಕಿ ನೋಡಿ, ತೆಳು ಕ್ವಿಲ್ಟು ಪೂರ್ತಿ ಸುತ್ತಿದ ಮೇಲೆ ನಾಲ್ಕೂವರೆ ಇದ್ದಿದ್ದು ಐದು ಇಂಚಾಗುತ್ತೆ, ಅಷ್ಟೇ. ಕೊನೆಯಲ್ಲಿ ಹೋಗೋದು ಅರ್ಧ ಇಂಚು. ಹದಿನೈದು, ಹದಿನಾರರ ಮೆಷಿನ್ನಿಗೆ ಅದು ಲೆಕ್ಕಕ್ಕಿಲ್ಲ. ಒಂಬತ್ತರ ಮೆಷಿನ್ನಿಗೆ ಅದೇ ಅರ್ಧ ಇಂಚು ತಡೆಯೋಕಾಗಲ್ಲ.

ಎರಡನೇದು ನೆಲ. ನಮ್ಮ ಕಡೆ ಮನೆಗಳಲ್ಲಿ ತೊಳೆದ ನೀರು ಹೋಗಲಿ ಅಂತ ಬಾಗಿಲ ಕಡೆಗೆ ಇಳಿಜಾರು ಕೊಟ್ಟಿರ್ತಾರೆ, ಕಣ್ಣಿಗೆ ಗೊತ್ತಾಗಲ್ಲ. ಫ್ರೇಮು ಅದರ ಮೇಲೆ ನಿಂತರೆ ಮೆಷಿನ್ನು ಕೈ ಬಿಟ್ಟ ಕೂಡಲೆ ತಾನಾಗೇ ಒಂದು ಕಡೆಗೆ ಜಾರುತ್ತೆ. ಪ್ರತಿ ಕಾಲಿಗೂ ತಿರುಗಿಸೋ ಬೋಲ್ಟ್ ಕಾಲು ಹಾಕಿಸಿ. ಗಾರೆ ಕೆಲಸದವರ ಹತ್ರ ಇರೋ ನೀರಿನ ಟ್ಯೂಬ್ ಲೆವೆಲ್ ಸಾಕು, ಎರಡೂ ತುದಿ ಸಮ ಮಾಡಿ. ಆಮೇಲೆ ಮೆಷಿನ್ನಿನ ಚಕ್ರ ಓಡೋ ಹಳಿ ಮೇಲೆ ಒಂದು ಗೋಲಿ ಇಟ್ಟು ನೋಡಿ, ನಿಂತಲ್ಲೇ ನಿಲ್ಲಬೇಕು.

ನಿಮ್ಮ ಹಾಲ್ 12×15 ಅಂದ್ರಿ. 90 ಇಂಚು ಅಗಲದ ಕ್ವಿಲ್ಟಿಗೆ ಅಸ್ತರು ಎರಡೂ ಕಡೆ ನಾಲ್ಕು ನಾಲ್ಕು ಇಂಚು ಜಾಸ್ತಿ ಬಿಟ್ಟರೆ 98. ಅದರ ಆಚೆ ಈಚೆ ಕ್ಲಾಂಪು, ಮೆಷಿನ್ನು ಅಂಚು ದಾಟಿ ಹೋಗೋಕೆ ಜಾಗ ಸೇರಿದರೆ ಹತ್ತಡಿ ಫ್ರೇಮು ಬೇಕೇ ಬೇಕು. ಅದನ್ನ ಹದಿನೈದು ಅಡಿ ಉದ್ದಕ್ಕೆ ಹಾಕಿ. ಹಿಂದೆ ಮುಂದೆ ಎರಡೂ ಕಡೆ ಜನ ನಿಂತು ಓಡಾಡಬೇಕು, ಗೋಡೆಗೆ ಒತ್ತಿಡೋ ಸಾಮಾನಲ್ಲ ಇದು. ಹಾಲಲ್ಲಿ ಸೋಫಾ, ಟಿವಿ ಏನೂ ಉಳಿಯಲ್ಲ. ಮನೆಯವರ ಹತ್ರ ಮೊದಲೇ ಮಾತಾಡಿಕೊಳ್ಳಿ.

ಜಯಲಕ್ಷ್ಮಿಪುರಂ ನೂಲು

ಇಲ್ಲಿವರೆಗೆ ಯಾರೂ ಹೇಳದ ಒಂದು ವಿಷಯ, ಸಿಟ್ಟಿನಿಂದಲೇ ಬರೀತಿದ್ದೀನಿ. ನನಗೆ ಒಬ್ಬ ಮಾರಾಟಗಾರ ಹದಿನೆಂಟು ಇಂಚಿನ ಮೆಷಿನ್ನು ಅಂತ ಹೇಳಿ ಕಳಿಸಿದ. ಬಂದ ಮೇಲೆ ಟೇಪ್ ಹಿಡಿದರೆ ಸೂಜಿಯಿಂದ ಕಂಬದವರೆಗೆ ಹದಿನೈದೂ ಇಲ್ಲ. ಕೇಳಿದರೆ ಕೈಯ ಪೂರ್ತಿ ಉದ್ದ ಹದಿನೆಂಟು ಅಂದ, ಮೂತಿಯಿಂದ ಹಿಂದಿನ ತುದಿವರೆಗೆ. ವಾಪಸ್ ತಗೊಳ್ಳೋಕೆ ಒಪ್ಪಲಿಲ್ಲ. ಕೊಳ್ಳೋ ಮುಂಚೆ ಸೂಜಿಯ ಮಧ್ಯದಿಂದ ಕಂಬದ ಒಳಮುಖದವರೆಗೆ ಟೇಪ್ ಹಿಡಿದ ಫೋಟೋ ಕೇಳಿ. ಕಳಿಸಲಿಲ್ಲ ಅಂದ್ರೆ ಅಲ್ಲಿಗೇ ಬಿಡಿ.

ವಿದೇಶದಿಂದ ತರಿಸೋರು ವೋಲ್ಟೇಜ್ ನೋಡಿ. ಅಮೆರಿಕದಲ್ಲಿ ಮಾರೋ ಎಷ್ಟೋ ಮೆಷಿನ್ನು 110ರ ಸುಮಾರಿನ ವೋಲ್ಟಿಗೆ, ನಮ್ಮ ಕರೆಂಟು 230. ಹಿಂದಿನ ಪ್ಲೇಟಿನಲ್ಲಿ 100–240 ಅಂತ ಬರೆದಿದ್ದರೆ ಸರಿ, ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಮೆಷಿನ್ನಿನ ವ್ಯಾಟಿಗಿಂತ ದೊಡ್ಡದು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ, ಹಾಗಾಗಿ ಇನ್ವರ್ಟರ್‌ನಲ್ಲಿ ಓಡಿಸೋದಾದರೆ ಪ್ಯೂರ್ ಸೈನ್ ವೇವ್ ಇರಲಿ. ಒಳಗೆ ಬೋರ್ಡು ಇರೋ ಮೆಷಿನ್ನನ್ನ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಬೇಡಿ.

ಬೋಗಾದಿ ಬಾಬಿನ್

ಫ್ರೇಮಿಗೆ ಹೋಗೋದಾದ್ರೆ ಸ್ಟಿಚ್ ರೆಗ್ಯುಲೇಟರ್ ಇದೆಯಾ ಕೇಳಿ. ಚಕ್ರ ಎಷ್ಟು ವೇಗವಾಗಿ ಉರುಳುತ್ತೆ ಅನ್ನೋದನ್ನ ಸೆನ್ಸರ್ ಓದಿ, ಅದಕ್ಕೆ ತಕ್ಕ ಹಾಗೆ ಸೂಜಿಯ ವೇಗ ಏರಿಸಿ ಇಳಿಸುತ್ತೆ. ಕೈ ನಿಧಾನ ಆದರೂ ಜೋರಾದರೂ ಇಂಚಿಗೆ ಅಷ್ಟೇ ಹೊಲಿಗೆ. ದುಡ್ಡು ಎಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

ಸರಸ್ವತಿಪುರಂ ಸೂಜಿ

ಎಲ್ಲರ ಮಾತೂ ಮನೆಯಲ್ಲಿ ಓದಿ ಹೇಳಿದೆ. ಹಾಲ್ ಪೂರ್ತಿ ಫ್ರೇಮಿಗೆ ಬಿಟ್ಟುಕೊಡೋಕೆ ಈಗ ಆಗಲ್ಲ, ಅತ್ತೆ ಮಲಗೋದು ಅಲ್ಲೇ. ಹಾಗಾಗಿ ಈಗಿನ ಮಟ್ಟಿಗೆ ಮೇಜು ಮಾಡಿಸಿ, ಹನ್ನೊಂದು ಇಂಚಿನ ಆಸುಪಾಸಿನ ಮೆಷಿನ್ನು ನೋಡೋಣ ಅಂತ ತೀರ್ಮಾನ ಮಾಡಿದ್ದೀವಿ. ಮಹಡಿ ಮೇಲೆ ರೂಮು ಕಟ್ಟಿಸೋ ಯೋಚನೆ ಇದೆ, ಆಗ ಫ್ರೇಮು, ಅದಕ್ಕೆ ಬೇರೆಯೇ ಮೆಷಿನ್ನು. ಅಂಗಡಿಗೆ ಹೋದಾಗ ಹೇಗೆ ಪರೀಕ್ಷೆ ಮಾಡ್ಲಿ? ಅವರು ಒಂದು ತುಂಡು ಬಟ್ಟೆ ಕೊಟ್ಟು ಹೊಲೀರಿ ಅಂತಾರೆ.

ಮಂಡ್ಯ ಗುತ್ತಲು ರಸ್ತೆ

ಒಳ್ಳೆ ತೀರ್ಮಾನ. ತುಂಡು ಬಟ್ಟೆಯಲ್ಲಿ ಏನೂ ಗೊತ್ತಾಗಲ್ಲ. ನಿನ್ನ ದಪ್ಪ ಪಾಲಿಯೆಸ್ಟರ್ ಕ್ವಿಲ್ಟನ್ನೇ ಚೀಲದಲ್ಲಿ ಹಾಕ್ಕೊಂಡು ಹೋಗು. ಅರ್ಧ ಸುತ್ತಿ ಒಳಗೆ ತೂರಿಸಿ, ಉಳಿದ ಜಾಗದಲ್ಲಿ ಒಂದು ಅಂಗೈ ಅಗಲದ ಸುತ್ತು ಹೊಲಿದು ನೋಡು, ಎಡಕ್ಕೂ ಬಲಕ್ಕೂ. ಸುರುಳಿ ಕಂಬಕ್ಕೆ ತಗಲಿ ಕೈ ನಿಂತರೆ ಆ ಮೆಷಿನ್ನು ನಿನಗಲ್ಲ. ಕೆಳಗಿನ ಹಲ್ಲು ಇಳಿಸೋಕೆ ಬರುತ್ತಾ ಅನ್ನೋದನ್ನೂ ಅಲ್ಲೇ ನೋಡ್ಕೊ.

ಕುವೆಂಪುನಗರ ಕೌದಿಮನೆ

ಜೊತೆಗೆ ಎರಡು ಇಂಚಿನ ಪಿವಿಸಿ ಪೈಪಿನ ತುಂಡು ಒಂದು ತಗೊಂಡು ಹೋಗು. ಮುಂದೆ ಎಂದಾದರೂ ಇದೇ ಮೆಷಿನ್ನು ಫ್ರೇಮಿಗೂ ಆಗುತ್ತೆ ಅಂತ ಯಾರಾದರೂ ಹೇಳಿದರೆ, ಕ್ವಿಲ್ಟು ಪೂರ್ತಿ ಆ ಪೈಪಿಗೆ ಸುತ್ತಿ ಕೈ ಕೆಳಗೆ ಇಡು. ಉಳಿದ ಜಾಗ ಅವರಿಗೇ ಕಾಣಲಿ.

ಫ್ರೇಮಿನ ದಿನ ಬಂದಾಗ ಬಿಗಿ ವಿಷಯದಲ್ಲಿ ಜೋಪಾನ. ತಮಟೆ ಹಾಗೆ ಎಳೆದು ಬಿಗಿ ಮಾಡಬಾರದು, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ. ಕೆಳಗಿನಿಂದ ಬೆರಳು ಒತ್ತಿದರೆ ಮೇಲೆ ಬೆರಳ ತುದಿಯ ಆಕಾರ ಕಾಣಬೇಕು, ಅಷ್ಟು ಸಡಿಲ ಇರಲಿ.

ಪಾಂಡವಪುರ ಪ್ಯಾಚ್

ನಾನು ತೊಟ್ಟಿಲ ಕೌದಿ ಮಾತ್ರ ಹೊಲಿಯೋದು, 36×45 ಇಂಚು. ಆರೂವರೆ ಇಂಚಿನ ಮೆಷಿನ್ನು ಬದಲಾಯಿಸಬೇಕಾ?

ಕುವೆಂಪುನಗರ ಕೌದಿಮನೆ

ಬೇಡಮ್ಮ. ನಿಮ್ಮಲ್ಲಿ ಒಳಗೆ ಹೋಗೋದು ಹದಿನೆಂಟು ಇಂಚು ಬಟ್ಟೆ, ಸುರುಳಿ ಎರಡು ಇಂಚಿನ ಸುಮಾರು. ನಾಲ್ಕು ಇಂಚಿನ ಮೇಲೆ ಜಾಗ ಉಳಿಯುತ್ತೆ. ಆ ದುಡ್ಡಲ್ಲಿ ಮೇಜು ಮಾಡಿಸಿ, 16ನೇ ನಂಬರಿನ ಸೂಜಿ ಒಂದು ಪ್ಯಾಕೆಟ್ ತಂದಿಟ್ಟುಕೊಳ್ಳಿ.